ತಥಾಸ್ತು ದೇವತೆಗೆ ಇಂಗ್ಲಿಷ್ ಬರುತ್ತದೆಯೇ

ಮಥುರಾಬಾಯಿ ಅಜ್ಜಿಯ ಮನೆಯಲ್ಲಿ ಕೆಲವು ಮಾತುಗಳಿಗೆ ಪ್ರವೇಶವೇ ಇರಲಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ಮುಗಿಯಿತು’ ಅನ್ನುವಂತಿಲ್ಲ, ‘ಹೆಚ್ಚಾಯಿತು’ ಅನ್ನಬೇಕು. ದೀಪವನ್ನು ಯಾರೂ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಕೈಯ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಕಚೇರಿಗೆ ಹೊರಟ ಮಗ ಕೃಷ್ಣಾಜಿ ಬಾಯಿತಪ್ಪಿ ‘ಹೋಗ್ತೀನಿ’ ಅಂದುಬಿಟ್ಟರೆ, ನಲವತ್ತರ ಹತ್ತಿರದ ಆ ಗಂಡಸನ್ನು ಒಳಗೆ ಕರೆದು, ಕೂಡಿಸಿ, ಒಂದು ಗುಟುಕು ನೀರು ಕುಡಿಸಿ, ‘ಬರ್ತೀನಿ’ ಅನ್ನಿಸಿಯೇ ಕಳಿಸುವುದು. ಇಷ್ಟಕ್ಕೆಲ್ಲ ಕಾರಣ ತೊಲೆಯ ಮೇಲೆ ಕೂತಿರುವ ತಥಾಸ್ತು ದೇವತೆ. ಮನೆಯಲ್ಲಿ ಯಾರು ಏನೇ ಅಂದರೂ ‘ತಥಾಸ್ತು’ ಅನ್ನುವುದೊಂದೇ ಅವಳ ಕೆಲಸ. ಆಡಿದವರು ತಮಾಷೆಗೆ ಆಡಿದರೋ ಸಿಟ್ಟಿಗೆ ಆಡಿದರೋ ಎಂದು ವಿಚಾರಿಸುವ ತಾಳ್ಮೆ ಅವಳಿಗಿಲ್ಲ. ಮುಸ್ಸಂಜೆಯ ಹೊತ್ತಿನಲ್ಲಂತೂ ಅವಳ ಕಿವಿ ಭಾರೀ ಚುರುಕು.

ಇಂಥ ಮನೆಗೆ, ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಐದನೆಯ ವರ್ಷ, ಚನಮಲ್ಲಪ್ಪ ಮಾಸ್ತರರ ಇಂಗ್ಲಿಷ್ ಪದಗಳ ಪಟ್ಟಿಗಳು ಬರತೊಡಗಿದವು. ತಂದವಳು ಮೊಮ್ಮಗಳು ಕುಮುದಿನಿ. ಹದಿನೈದು ವರ್ಷ, ಒಂಬತ್ತನೆಯ ಇಯತ್ತೆ. ಎಂಟನೆಯ ಇಯತ್ತೆಗೆ ಮೊದಲು ಇಂಗ್ಲಿಷ್ ಬೇಡವೇ ಬೇಡ ಎಂದು ಸರಕಾರ ಹುಕುಂ ಮಾಡಿದ್ದರಿಂದ, ಆ ಕಾಲದ ಹುಡುಗರಿಗೆ ಮೀಸೆ ಮತ್ತು ಎಬಿಸಿಡಿ ಒಟ್ಟೊಟ್ಟಿಗೇ ಮೂಡುತ್ತಿದ್ದವು. ಹಿಂದಿನವರು ಏಳು ವರ್ಷದಲ್ಲಿ ಕಲಿತದ್ದನ್ನು ಇವರು ನಾಲ್ಕು ವರ್ಷದಲ್ಲಿ ನುಂಗಬೇಕು. ಅದಕ್ಕೆಂದೇ ಮಾಸ್ತರರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು.

ಪದ್ಧತಿ ಹೀಗೆ: ವಾರಕ್ಕೆ ಎರಡು ಪಟ್ಟಿ, ಐದು ವಾರಕ್ಕೆ ಹತ್ತು. ಪ್ರತಿ ಪಟ್ಟಿಯನ್ನೂ ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಮುಂದೆ ಕೂತು, ಗಟ್ಟಿಯಾಗಿ, ಅರ್ಥಸಹಿತ ಹೇಳಬೇಕು. ಕೇಳಿದವರು ಪಟ್ಟಿಯ ಕೆಳಗೆ ಸಹಿ ಹಾಕಬೇಕು, ಬರೆಯಲು ಬಾರದಿದ್ದರೆ ಹೆಬ್ಬೆಟ್ಟು. ‘ಕಣ್ಣಿಲೆ ಓದಿದ್ದು ಕಣ್ಣಾಗ ಉಳಿತೈತಿ, ಬಾಯಾಗ ಬರೂದಿಲ್ಲ’ ಎಂಬುದು ಮಾಸ್ತರರ ವಾದ. ಕಳ್ಳ ಸಹಿಗೆ ಆಸ್ಪದವೇ ಇರಲಿಲ್ಲ, ಯಾಕೆಂದರೆ ಅವರು ಸಂತೆಯಲ್ಲಿ, ಗುಡಿಯ ಮುಂದೆ, ಎಲ್ಲಿ ಸಿಕ್ಕರೂ ಹಿರಿಯರನ್ನು ನಿಲ್ಲಿಸಿ ‘ಮೊನ್ನಿ ಏನ ಕೇಳಿದ್ರಿ, ಎರಡ ಮಾತು ಹೇಳ್ರಿ’ ಎಂದು ಪರೀಕ್ಷೆ ಮಾಡಿಬಿಡುತ್ತಿದ್ದರು. ಹತ್ತು ಸಹಿ ಆದವರಿಗೆ ಮಾತ್ರ ತೋಂಡಿ, ಅಂದರೆ ಬಾಯಿಮಾತಿನ, ಪರೀಕ್ಷೆ. ತೋಂಡಿಗೆ ಕೂಡದವರು ದೀಪಾವಳಿ ಸೂಟಿ ಮುಗಿದ ಮೇಲೆ ಇಂಗ್ಲಿಷ್ ಬಿಟ್ಟವರ ತುಕಡಿಗೆ ಹೋಗಬೇಕು. ಆ ತುಕಡಿಯಿಂದ ಧಾರವಾಡದ ಕಾಲೇಜಿಗೆ ದಾರಿಯಿರಲಿಲ್ಲ, ಮದುವೆಯ ಚಪ್ಪರಕ್ಕೆ ಮಾತ್ರ ಇತ್ತು. ಕುಮುದಿನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವಳಿಗೆ ಆ ಹತ್ತು ಸಹಿ ಬೇಕೇ ಬೇಕಾಗಿದ್ದವು.

ಅಜ್ಜ ಹೋದ ಮೇಲೆ ಮನೆಗೆ ಹಿರಿಯಳು ಅಜ್ಜಿಯೇ. ಅಜ್ಜ ಇದ್ದಾಗ ಹಟ ಹಿಡಿದು ಮರಾಠಿಯ ಮೋಡಿ ಅಕ್ಷರದಲ್ಲಿ ಸಹಿ ಮಾಡುವುದನ್ನು ಅವಳಿಗೆ ಕಲಿಸಿದ್ದ. ಇಷ್ಟು ವರ್ಷ ಆ ಸಹಿಗೆ ಕೆಲಸವೇ ಇರಲಿಲ್ಲವಾದ್ದರಿಂದ, ಮಾಸ್ತರರ ಪದ್ಧತಿ ಕೇಳಿ ಅಜ್ಜಿ ಒಳಗೊಳಗೇ ಹಿಗ್ಗಿದಳು. ಮೇಲೆ ಮಾತ್ರ ಗಂಭೀರ.

ಮೊದಲ ಮೂರು ಪಟ್ಟಿ ಹೋಲಿಕೆಯವು. ಇದಕ್ಕಿಂತ ಅದು ಎತ್ತರ, ಅದಕ್ಕಿಂತ ಇದು ಸಿಹಿ. ಮಾಸ್ತರರು ಮುಧೋಳದವರಾದ್ದರಿಂದ ಅವರ ವಾಕ್ಯಗಳಲ್ಲಿ ಯಾವಾಗಲೂ ಮುಧೋಳವೇ ಗೆಲ್ಲುತ್ತಿತ್ತು. ಮುಧೋಳದ ಕಬ್ಬು ಜಮಖಂಡಿಯ ಕಬ್ಬಿಗಿಂತ ಸ್ವೀಟರ್, ಮುಧೋಳದ ನಾಯಿ ಜಮಖಂಡಿಯ ನಾಯಿಗಿಂತ ಫಾಸ್ಟರ್, ಮುಧೋಳದ ಬಾವಿ ಡೀಪರ್. ಅಜ್ಜಿ ಮೂರನೆಯ ವಾಕ್ಯಕ್ಕೇ ಕೈ ಅಡ್ಡ ಹಿಡಿದಳು.

“ನಿಮ್ಮ ಮಾಸ್ತರಗ ಕಣ್ಣು ಅದಾವೋ ಇಲ್ಲೋ? ನಮ್ಮೂರಿನ ಗುಡ್ಡಾ ಎಲ್ಲಿ, ಮುಧೋಳದ್ದೆಲ್ಲಿ? ನಮ್ಮ ಗುಡ್ಡಾ ಎತ್ತರ ಅಂತ ಒಂದು ಸೇರಿಸು. ಆಮ್ಯಾಲೆ ಸಹಿ.”

ಕುಮುದಿನಿ ಸೇರಿಸಿದಳು. ಅಜ್ಜಿ ಕನ್ನಡಕ ಏರಿಸಿ ದೊಡ್ಡದಾಗಿ ಸಹಿ ಹಾಕಿದಳು. ಮಾಸ್ತರರು ಆ ಹೆಚ್ಚಿನ ವಾಕ್ಯ ನೋಡಿ, ಕೆಂಪು ಶಾಯಿಯಿಂದ ತಿದ್ದದೆ ಹಾಗೇ ಬಿಟ್ಟರು. ಮೂರು ಪಟ್ಟಿ ನಗುನಗುತ್ತ ಮುಗಿದವು.

ನಾಲ್ಕನೆಯ ಪಟ್ಟಿ ಬಂದಾಗ ದೀಪ ಹಚ್ಚುವ ಹೊತ್ತು. ಪದಗಳನ್ನು ಮಾಸ್ತರರು ಹಲಗೆಯ ಮೇಲೆ ಬರೆದಾಗ ಕುಮುದಿನಿಗೆ ಏನೂ ಅನ್ನಿಸಿರಲಿಲ್ಲ. ಅವನ್ನು ಅಜ್ಜಿಯ ಮುಂದೆ ಹೇಳಲು ಬಾಯಿ ತೆರೆದ ಮೇಲೆಯೇ ಅವು ಎಂಥ ಪದಗಳೆಂದು ಹೊಳೆಯಿತು. ಆದರೂ ಶುರು ಮಾಡಿದ್ದಳಲ್ಲ.

“ಬ್ರೋಕನ್ ಪಾಟ್. ಒಡದ ಗಡಿಗಿ. ಟೋರ್ನ್ ಕ್ಲಾತ್. ಹರದ ಬಟ್ಟಿ. ಬರ್ನ್ಟ್ ಹೌಸ್...”

“ಅಂದ್ರ?”

“ಸುಟ್ಟ ಮನಿ.”

ಅಜ್ಜಿ ಎದ್ದು ನಿಂತಳು. ದೇವರ ಮುಂದಿನ ದೀಪ ನೋಡಿದಳು, ತೊಲೆ ನೋಡಿದಳು, ಆಮೇಲೆ ಮೊಮ್ಮಗಳನ್ನು. “ಮುಚ್ಚು ಪುಸ್ತಕ. ಸಂಜಿಮುಂದ, ದೀಪದ ಮುಂದ, ಇಂಥಾ ಮಾತು! ನಾಲ್ವತ್ತೈದು ವರ್ಷ ಆತು ಈ ಮನಿಯೊಳಗ ನಾ ಇಂಥಾದ್ದು ಕೇಳಿಲ್ಲ.”

“ಅದು ಪಾಠ ಅಜ್ಜಿ. ಖರೇ ಮನಿ ಅಲ್ಲ.”

“ಆಕಿಗೆ ಪಾಠ ಯಾವುದು, ಖರೇ ಯಾವುದು ಏನು ಗೊತ್ತು? ತಥಾಸ್ತು ಅಂದು ಕೂಡ್ತಾಳ.”

ಕುಮುದಿನಿಗೆ ಅಳು ಬಂದಿತ್ತು. ಆದರೆ ಅಳುವಿಗಿಂತ ಮೊದಲು ಪ್ರಶ್ನೆ ಬರುವುದು ಅವಳ ಹುಟ್ಟುಗುಣ. “ಅಜ್ಜಿ, ಆಕಿಗೆ ಇಂಗ್ಲಿಷ್ ಬರ್ತದೇನು?”

ಅಜ್ಜಿ ಬಾಯಿ ತೆರೆದವಳು ಹಾಗೇ ನಿಂತಳು. ಕನ್ನಡ ಬರುತ್ತದೆ, ಅನುಮಾನವಿಲ್ಲ. ಮರಾಠಿ ಬರುತ್ತದೆ, ಯಾಕೆಂದರೆ ತವರಿನ ತೊಲೆಯ ಮೇಲೆ ಇದ್ದವಳೂ ಅವಳೇ. ಸಂಸ್ಕೃತವಂತೂ ಅವಳ ಮನೆಮಾತು. ಇಂಗ್ಲಿಷ್? ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳುವವಳಲ್ಲ ಮಥುರಾಬಾಯಿ. ಅದೊಂದು ದೊಡ್ಡ ಗುಣ ಅವಳಲ್ಲಿ.

“ಕೇಳಿ ನೋಡಬೇಕು,” ಅಂದಳು. ಸಹಿ ಮಾತ್ರ ಹಾಕಲಿಲ್ಲ.

ಮರುದಿನ ಕುಮುದಿನಿ ಮಾಸ್ತರರಿಗೆ ವಿಷಯ ತಿಳಿಸಿದಳು. ತರಗತಿಯೆಲ್ಲ ಹೋ ಎಂದು ನಕ್ಕಿತು. ಮಾಸ್ತರರು ನಗಲಿಲ್ಲ. “ನಿಮ್ಮಜ್ಜಿ ಬಾಳ ಛಲೋ ವಿಚಾರ ಮಾಡ್ಯಾರ ತಂಗಿ. ನನಗೂ ಗೊತ್ತಿಲ್ಲ. ಆದ್ರ ಸಹಿ ಮಾತ್ರ ಬೇಕು ನೋಡು, ನಿನಗೊಂದು ಕಾಯದೆ, ಉಳದವರಿಗೊಂದು ಕಾಯದೆ ಮಾಡಾಕ ಬರೂದಿಲ್ಲ.” ಪಟ್ಟಿಯನ್ನು ಹಾಗೇ ಮರಳಿಸಿದರು.

ಅಜ್ಜಿಯೂ ಸುಮ್ಮನೆ ಕೂತಿರಲಿಲ್ಲ. ಮುಧೋಳ ಬಸ್ಸಿನ ಡ್ರೈವರ್ ತುಕಾರಾಮ ಯುದ್ಧದ ಕಾಲದಲ್ಲಿ ಪಲ್ಟಣಿಯಲ್ಲಿದ್ದವನು. ತವರಿನಿಂದ ಬಂದ ಬೆಲ್ಲದ ಗಂಟು ಕೊಡಲು ಮನೆಗೆ ಬಂದಾಗ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಸಾಹೇಬರು ಇಂಗ್ಲಿಷಿನಲ್ಲಿ ಬೈಯುತ್ತಿದ್ದರೋ ಎಂದು ವಿಚಾರಿಸಿದಳು.

“ಅಯ್ಯ ಆಯೀ, ದಿನಾ ಮುಂಜಾನೆ ನನಗ ಸಾಯಿ ಅಂತಾನ ಬೈತಿದ್ದ ನಮ್ಮ ಸಾಹೇಬ. ಎರಡ ವರ್ಷ ಬೈದ. ನೋಡ್ರಿ, ನಾ ಹಿಂಗ ಅದೀನಿ.”

“ಅವ ಬೈದದ್ದು ಮನಿಯೊಳಗೋ, ಬಯಲೊಳಗೋ?”

“ಬಯಲೊಳಗ್ರಿ. ಡೇರೆ ಹಾಕಿದ್ರು.”

“ಹಂಗಾದ್ರ ಲೆಕ್ಕಕ್ಕಿಲ್ಲ. ಡೇರೆಗೆ ತೊಲಿ ಎಲ್ಲಿರ್ತದ?” ಎಂದು ಅಜ್ಜಿ ಆ ಸಾಕ್ಷಿಯನ್ನು ತಳ್ಳಿಹಾಕಿದಳು.

ಇದನ್ನು ಒಳಗಿನಿಂದ ಕೇಳಿದ ಕುಮುದಿನಿಗೆ ಒಂದು ದಾರಿ ಹೊಳೆಯಿತು. ತೊಲೆಯಿರುವ ಮನೆಯಲ್ಲೇ, ಮುಸ್ಸಂಜೆಯಲ್ಲೇ, ಒಂದು ವಸ್ತುವಿನ ಮೇಲೆ ಇಂಗ್ಲಿಷ್ ಮಾತು ಆಡಿ ನೋಡಿದರೆ? ಅಡಿಗೆಮನೆಯ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿ ಇತ್ತು. ಅದರ ಮುಂದೆ ಕೂತು, ಯಾರೂ ಇಲ್ಲದ್ದು ನೋಡಿ, ಭರಣಿ ಒಡೆದಿದೆ ಎಂದು ಇಂಗ್ಲಿಷಿನಲ್ಲಿ ಮೂರು ಸಲ ಹೇಳಿದಳು. ಹೇಳಿ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಮರುದಿನ ಮತ್ತೆ ಹೇಳಿದಳು. ಮೂರನೆಯ ಸಂಜೆ ಕಣ್ಣು ತೆರೆದಾಗ ಅಜ್ಜಿ ಹಿಂದೆ ನಿಂತಿದ್ದಳು.

“ಎಷ್ಟು ದಿನದಿಂದ ನಡದದ ಇದು?”

“ಮೂರು ದಿನ ಆತು.”

ಅಜ್ಜಿ ಭರಣಿಯನ್ನು ಎತ್ತಿಕೊಂಡು, ಬೆರಳಿನಿಂದ ಬಡಿದು, ಕಿವಿಗೊಟ್ಟು ಸಪ್ಪಳ ಕೇಳಿದಳು. ಠಣ್ ಎಂದಿತು. ತಳ ನೋಡಿದಳು. ಸೀಳಿಲ್ಲ. “ತಲಿ ಅದನೋ ಇಲ್ಲೋ ನಿನಗ? ಒಳಗ ಹೊಸಾ ಉಪ್ಪಿನಕಾಯಿ ಅದ. ನೋಡೋದಿದ್ರ ಖಾಲಿ ಭರಣಿ ಮ್ಯಾಲ ನೋಡಬೇಕೋ ಬ್ಯಾಡೋ?”

ಅಲ್ಲಿಂದ ಮುಂದೆ ಕೆಲಸ ಇಬ್ಬರದಾಯಿತು. ಸೊಸೆ ಕಾಶೀಬಾಯಿ ‘ಇವರಿಬ್ಬರಿಗೂ ಏನೋ ಆಗ್ಯದ’ ಎಂದು ಗೊಣಗುತ್ತ ಅಡಿಗೆ ಮಾಡಿಕೊಂಡಿದ್ದಳು. ಅಜ್ಜಿ ಪ್ರತಿ ಸಂಜೆ ಒಂದೊಂದು ಹಳೆಯ ವಸ್ತು ಆರಿಸಿ ತರುತ್ತಿದ್ದಳು: ಒಂದು ಕಿವಿ ಹೋದ ಗಿಂಡಿ, ತನ್ನ ಕೊಂಬಿನ ಬಾಚಣಿಕೆ, ಒಂದು ಕೌದಿ, ಉಗ್ರಾಣದ ಬೀಗದ ಕೈ. ಕುಮುದಿನಿ ಅದರ ಮೇಲೆ ತಕ್ಕ ಪದ ಹೇಳುತ್ತಿದ್ದಳು. ಬಾಚಣಿಕೆಗೆ ಬ್ರೋಕನ್, ಕೌದಿಗೆ ಟೋರ್ನ್, ಕೀಲಿಕೈಗೆ ಲಾಸ್ಟ್. ಒಂದೊಂದಕ್ಕೆ ಒಂದು ಹುಣಸೆಬೀಜ ಎಣಿಸಿ ಗೂಡಿನಲ್ಲಿಟ್ಟು, ಮೂರು ದಿನ ಕಾಯುವುದು. ಎಂಟು ಬೀಜ ಆದವು. ಬಾಚಣಿಕೆ ಗಟ್ಟಿ, ಕೌದಿ ಗಟ್ಟಿ, ಕೀಲಿಕೈ ಮೊಳೆಗೆ ತೂಗುತ್ತಲೇ ಇತ್ತು. ನಡುವೆ ಒಂದು ದಿನ ಬೆಕ್ಕು ಜಿಗಿದು ಕಂದೀಲಿನ ಗಾಜು ಪುಡಿಪುಡಿಯಾಯಿತು. ಕಂದೀಲಿನ ಹೆಸರನ್ನು ಇಬ್ಬರೂ ಎತ್ತಿರಲಿಲ್ಲ. ಅಜ್ಜಿ ಗಾಜು ಗುಡಿಸುತ್ತ ಬಹಳ ಹೊತ್ತು ವಿಚಾರ ಮಾಡಿದಳು.

“ಅಂದದ್ದು ಆಗಲಿಲ್ಲ. ಅನ್ನದ್ದು ಆತು. ಆಕಿಗೆ ಇಂಗ್ಲಿಷ್ ಬರೂದಿಲ್ಲ ಅಂತ ಕಾಣಸ್ತದ,” ಎಂದು ಕೊನೆಗೆ ತೀರ್ಪು ಕೊಟ್ಟಳು. ನಾಲ್ಕು, ಐದು, ಆರನೆಯ ಪಟ್ಟಿಗಳಿಗೆ ಒಂದೇ ದಿನ ಸಹಿ ಬಿದ್ದವು.

ಏಳನೆಯದರಿಂದ ಜೋಡು ಕ್ರಿಯಾಪದಗಳು. ಕುಮುದಿನಿಗೆ ಇವುಗಳ ಮೇಲೆ ಪ್ರಾಣ. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ, ಎರಡೂ ಸೇರಿದರೆ ‘ಬಿಟ್ಟುಬಿಡು’ ಹೇಗಾಗುತ್ತದೆ? ತರಗತಿಯಲ್ಲಿ ಕೇಳಿದರೆ ಬಾಯಿಪಾಠ ಮಾಡು ಅನ್ನುತ್ತಿದ್ದರು. ಅಜ್ಜಿ ಮಾತ್ರ ಹತ್ತಿಯ ಬತ್ತಿ ಹೊಸೆಯುತ್ತ ಒಂದೊಂದಕ್ಕೂ ಕಾರಣ ಹುಡುಕುತ್ತಿದ್ದಳು.

“ಮ್ಯಾಲಿದ್ದಾಂವಗ ಕೊಟ್ಟ ಮ್ಯಾಲ ನಿನ್ನ ಕೈಯಾಗ ಏನುಳೀತು? ಬಿಟ್ಟಂಗ ಅಲ್ಲೇನು? ಮುಂದಿಂದು ಹೇಳು.”

“ಲುಕ್ ಆಫ್ಟರ್. ಲುಕ್ ಅಂದ್ರ ನೋಡು. ಆಫ್ಟರ್ ಅಂದ್ರ ಆಮ್ಯಾಲೆ. ಎರಡೂ ಕೂಡಿ ‘ಜ್ವಾಪಾನ ಮಾಡು’.”

“ಹಡದ ಮ್ಯಾಲ ನೋಡಬೇಕಲ್ಲ. ಹಡಿಯೋದೇನು ದೊಡ್ಡದು, ಆಮ್ಯಾಲೆ ನೋಡೋದ ದೊಡ್ಡದು. ಶಾಣ್ಯಾ ಮಂದಿ ಅದಾರ.”

ಹೀಗೆ ಏಳು, ಎಂಟು, ಒಂಬತ್ತು ಮುಗಿದವು. ಸಂತೆಯಲ್ಲಿ ಮಾಸ್ತರರು ಸಿಕ್ಕಾಗ ಅಜ್ಜಿ ಅವರು ಕೇಳುವ ಮೊದಲೇ ಆರು ಜೋಡು ಕ್ರಿಯಾಪದ ಒದರಿ, ಮೆಣಸಿನಕಾಯಿ ಅಳೆಯುತ್ತಿದ್ದವನನ್ನು ಬೆಪ್ಪು ಮಾಡಿ ಬಂದಳು. ಆ ದಿನ ಮನೆಗೆ ಬಂದ ಅವಳ ಮುಖ ನೋಡಬೇಕಿತ್ತು. ಕುಮುದಿನಿಗೆ ಅಜ್ಜಿಯ ಮೇಲೆ ಇಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಉಳಿದದ್ದು ಹತ್ತನೆಯ ಪಟ್ಟಿ. ತೋಂಡಿ ಪರೀಕ್ಷೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಪಟ್ಟಿ ಸಿಕ್ಕದ್ದು ಗುರುವಾರ. ಅದೇ ಸಂಜೆ ಕುಮುದಿನಿ ಅಜ್ಜಿಯ ಮುಂದೆ ಕೂತು ಧೈರ್ಯವಾಗಿ ಶುರು ಮಾಡಿದಳು. ಇದುವರೆಗೆ ಪಾತ್ರೆ, ಬಟ್ಟೆ, ಮನೆ ಇದ್ದ ಜಾಗದಲ್ಲಿ ಈ ಪಟ್ಟಿಯಲ್ಲಿ ಮನುಷ್ಯರು ಬಂದಿದ್ದರು.

“ಬ್ರಿಂಗ್ ಅಪ್. ಸಾಕಿ ಬೆಳಸು. ಗೆಟ್ ಓವರ್. ದುಃಖದಿಂದ ಹೊರಗ ಬಾ. ಪಾಸ್ ಅವೇ. ತೀರಿಕೊಳ್ಳು. ಕ್ಯಾರಿ ಆಫ್. ದಿ ಫೀವರ್ ಕ್ಯಾರೀಡ್ ಆಫ್ ದಿ ಚೈಲ್ಡ್. ಜ್ವರ ಬಂದು ಕೂಸನ್ನ ಒಯ್ದುಬಿಡ್ತು.”

ಅಜ್ಜಿಯ ಕೈಯಲ್ಲಿನ ಬತ್ತಿ ನಿಂತಿತು. ಅವಳು ಬೈಯಲಿಲ್ಲ, ಪುಸ್ತಕ ಮುಚ್ಚು ಅನ್ನಲೂ ಇಲ್ಲ. ಎದ್ದು ಹಿತ್ತಲಿಗೆ ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತುಬಿಟ್ಟಳು. ಶುಕ್ರವಾರ ಬೆಳಿಗ್ಗೆ ಸಹಿಯ ಮಾತೆತ್ತಿದರೆ ಮುಖ ತಿರುಗಿಸಿದಳು.

ಅಂದು ಶಾಲೆ ಮುಗಿಸಿ ಬಂದ ಕುಮುದಿನಿಗೆ ತಾಳ್ಮೆ ಕೆಟ್ಟಿತ್ತು. ನಾಳೆ ಬೆಳಗಾದರೆ ಪರೀಕ್ಷೆ. ಬಿಸಿಲಿನ್ನೂ ಇತ್ತು, ಅಜ್ಜಿ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಕುಮುದಿನಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

“ಆಕಿಗೆ ಇಂಗ್ಲಿಷ್ ಬರೂದಿಲ್ಲ ಅಂತ ನೀನ ಹೇಳಿದ್ದಿ.”

“ಸಾಮಾನಿಂದ ಬ್ಯಾರೆ, ಮನಶ್ಯಾರದ ಬ್ಯಾರೆ.”

“ಹಂಗಾದ್ರ ನಾವು ನೋಡಿದ್ದ ಅರ್ಧಾ ಅಜ್ಜಿ. ಇಂಗ್ಲಿಷಿನೊಳಗ ಅಂದ್ರ ಗಿಂಡಿ ಒಡೀಲಿಲ್ಲ, ಖರೆ. ಕನ್ನಡದೊಳಗ ಅಂದ್ರ ಒಡೀತದೋ ಇಲ್ಲೋ, ಅದನ್ನ ನಾವು ನೋಡೇ ಇಲ್ಲ. ಈಗ ಆ ಗಿಂಡಿ ತಗೊಂಡು ಕನ್ನಡದೊಳಗ ಅಂದು ನೋಡೋಣು. ಆಗಲೂ ಒಡೀಲಿಲ್ಲ ಅಂದ್ರ, ತೊಲಿ ಮ್ಯಾಲ ಯಾರೂ ಕೂತಿಲ್ಲ ಅಂತ...”

“ಬ್ಯಾಡ.” ಅಜ್ಜಿಯ ದನಿ ಬಹಳ ಸಣ್ಣದಾಗಿತ್ತು. “ಕನ್ನಡದೊಳಗ ನಾ ನೋಡೀನಿ. ನೀ ನೋಡೋದು ಬ್ಯಾಡ.”

ಅವರೆಕಾಯಿಯ ಬುಟ್ಟಿ ಪಕ್ಕಕ್ಕಿಟ್ಟು, ಕೈ ಕೊಡವಿಕೊಂಡು, ನೆಲ ನೋಡುತ್ತ ಅಜ್ಜಿ ಹೇಳಿದಳು. “ನಿಮ್ಮಪ್ಪಗ ಒಬ್ಬ ಅಣ್ಣ ಇದ್ದ. ಗೋಪಾಲ. ಎಂಟು ವರ್ಷದಾಂವ. ಆ ದೊಡ್ಡ ಜ್ವರ ಬಂದ ವರ್ಷ. ದೀಪಾ ಹಚ್ಚೋ ಹೊತ್ತು, ನಿಮ್ಮಪ್ಪ ಸಣ್ಣಾಂವ, ಸೊಂಟದ ಮ್ಯಾಲ ಕಿರಿಕಿರಿ ಮಾಡ್ಲಿಕ್ಕತ್ತಿದ್ದ. ಗೋಪಾಲ ಓಡಿ ಬಂದು ಎಣ್ಣಿ ಗಿಂಡಿ ಒದ್ದ. ಇದ್ದಷ್ಟೂ ಎಣ್ಣಿ ಚೆಲ್ಲಿತು. ನನಗ ಸಿಟ್ಟು ಬಂತು. ಎಲ್ಲಿಂದ ಬಂದೀಯೋ ಅಲ್ಲೇ ಹೋಗು ಅಂದೆ. ಇದ ಮನಿ, ಇದ ತೊಲಿ. ಅವತ್ತ ಮೈ ಬಿಸಿ ಆತು. ಮೂರನೇ ದಿನಕ್ಕ...” ಆಮೇಲಿನ ಮಾತು ಅವಳ ಬಾಯಿಂದ ಬರಲಿಲ್ಲ. ಮೂವತ್ತೈದು ವರ್ಷದಿಂದಲೂ ಬಂದಿರಲಿಲ್ಲ.

ತನಗೊಬ್ಬ ದೊಡ್ಡಪ್ಪ ಇದ್ದ ಎಂಬುದೇ ಕುಮುದಿನಿಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ಅಕ್ಕಿ, ದೀಪ, ಬಳೆ ಎಲ್ಲಕ್ಕೂ ಇದ್ದ ಕಟ್ಟುಪಾಡು ಎಲ್ಲಿಂದ ಶುರುವಾಯಿತೆಂದು ಈಗ ತಿಳಿಯಿತು. ಅಜ್ಜಿಯ ಕೈ ಹಿಡಿಯಬೇಕೆನ್ನಿಸಿತು, ಹಿಡಿದಳು. ಅವರೆಸಿಪ್ಪೆಯ ಅಂಟು ಎರಡೂ ಕೈಗೆ ಹತ್ತಿತು. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು, ಆದರೆ ಈ ಹುಡುಗಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

“ಆ ವರ್ಷ ಓಣಿಯೊಳಗ ಮತ್ತ ಯಾರಿಗೂ ಜ್ವರ ಬಂದಿರಲಿಲ್ಲೇನು ಅಜ್ಜಿ?”

“ಯಾಕ ಬಂದಿರಲಿಲ್ಲ? ಹನ್ನೊಂದು ಮನಿಯೊಳಗ ಬಂದಿತ್ತು. ಮೂಲಿಮನಿ ಗುರುಬಸವ್ವನ ಮನಿಯೊಳಗ ಎರಡು ಮಕ್ಕಳು.”

“ಅವರೂ ಮಕ್ಕಳಿಗೆ ಹಂಗ ಬೈದಿದ್ರೇನು?”

ಅಜ್ಜಿ ತಲೆ ಎತ್ತಿದಳು. ಮೊಮ್ಮಗಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. “ಅದನ್ನ ಯಾರು ಕೇಳ್ತಾರ?” ಅಂದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಕುಮುದಿನಿ ಜಡೆ ಹೆಣೆದುಕೊಂಡು, ಸಹಿಯಿಲ್ಲದ ಪಟ್ಟಿ ಹಿಡಿದು ನೋಡಿದರೆ ಅಜ್ಜಿ ದೇವರಮನೆಯಲ್ಲಿರಲಿಲ್ಲ. ಹಿತ್ತಲಲ್ಲೂ ಇರಲಿಲ್ಲ. ತಾಯಿಯನ್ನು ಕೇಳಿದರೆ, “ಪೂಜಿನೂ ಮಾಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋದ್ರು. ಎಲ್ಲೆ ಅಂತ ಕೇಳಿದ್ರ ‘ಕೇಳಲಿಕ್ಕೆ’ ಅಂದ್ರು. ಏನು ಕೇಳಲಿಕ್ಕೆ ಅಂತ ಹೇಳಲಿಲ್ಲ.” ಎಂಟು ಹೊಡೆದಿತ್ತು. ಕುಮುದಿನಿ ಪಟ್ಟಿ, ಶಾಯಿಯ ದೌತಿ, ಬರೆಯುವ ಟಾಕು ಎಲ್ಲ ಹಿಡಿದುಕೊಂಡೇ ಓಡಿದಳು.

ಓಣಿಯ ಮೂಲೆಯಲ್ಲಿ ಗುರುಬಸವ್ವನ ಮನೆ. ಕಾಳು ವ್ಯಾಪಾರದ ಮನೆ, ಹೊರಗೆ ಉದ್ದನೆಯ ಕಟ್ಟೆ. ಕಟ್ಟೆಯ ಒಂದು ತುದಿಗೆ ಗುರುಬಸವ್ವ, ಮಡಿಲಲ್ಲಿ ಜೋಳದ ಮೊರ. ಇನ್ನೊಂದು ತುದಿಗೆ ಅಜ್ಜಿ. ಇಬ್ಬರೂ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡದೆ, ಬೀದಿ ನೋಡುತ್ತ ಮಾತಾಡುತ್ತಿದ್ದರು. ಕುಮುದಿನಿ ಕಟ್ಟೆಯ ಕೆಳಗೇ ನಿಂತಳು.

“ಬೈಯೂದು?” ಗುರುಬಸವ್ವ ಅನ್ನುತ್ತಿದ್ದಳು. “ನಾ ನನ್ನ ಮಕ್ಕಳಿಗೆ ಒಂದ ಮಾತು ಬೈದಾಕಿ ಅಲ್ರಿ ಬಾಯಾರ. ಕೇಳ್ರಿ ಯಾರನ್ನರೆ. ನಾ ಮಾಡಿದ ತಪ್ಪು ಬ್ಯಾರೆ ಐತಿ. ಸಣ್ಣಾಕಿ ನೀರು ನೀರು ಅಂತಿದ್ದಳು. ವೈದ್ಯ ಕೊಡಬ್ಯಾಡ ಅಂದಿದ್ದ. ನಾ ಕೊಡಲಿಲ್ಲ. ಬಾಯಿ ಒಣಗಿಸಿಕೊಂಡು ಹ್ವಾತು ಕೂಸು. ಒಂದ ತಂಬಿಗಿ ನೀರು ಕೊಟ್ಟಿದ್ರ ಉಳೀತಿತ್ತು. ಇವತ್ತಿಗೂ ನೀರು ಕುಡಿಯಾಕ ತಂಬಿಗಿ ಎತ್ತಿದ್ರ ಅದ ನೆನಪಾಕ್ಕೈತಿ ನನಗ.”

ಬೀದಿಯಲ್ಲಿ ಒಂದು ಕಬ್ಬಿನ ಗಾಡಿ ದಾಟಿ ಹೋಯಿತು.

“ಗುರುಬಸವ್ವಾ, ನಾ ಕೊಟ್ಟೆ,” ಅಂದಳು ಅಜ್ಜಿ. “ನಮ್ಮ ಮನಿಗೆ ವೈದ್ಯ ಬರಲೇ ಇಲ್ಲ. ಗೋಪಾಲ ಕೇಳಿದಾಗೊಮ್ಮೆ ನೀರು ಕೊಟ್ಟೆ. ಮೂರು ದಿನ ನನ್ನ ಕೈಯಾಗಿಂದ ತಂಬಿಗಿ ಕೆಳಗ ಇಳೀಲಿಲ್ಲ.”

ಗುರುಬಸವ್ವನ ಕೈ ಮೊರದ ಮೇಲೆ ನಿಂತಿತು. “ಕೊಟ್ಟ್ರೂ ಉಳೀಲಿಲ್ಲ?”

“ಕೊಟ್ಟ್ರೂ.”

“ಮತ್ತ ನಾ ಬೈದಿರಲಿಲ್ಲ.”

“ಹೌದಲ್ಲ. ನೀ ಬೈದಿರಲಿಲ್ಲ.”

ಈಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಾನು ಗಿಂಡಿಯ ಮೇಲೆ ಮಾಡಿ ನೋಡಬೇಕೆಂದದ್ದನ್ನು ಈ ಇಬ್ಬರು ಯಾವಾಗಲೋ ಮಾಡಿ ಮುಗಿಸಿದ್ದರು, ಒಬ್ಬಳು ಒಂದು ಅರ್ಧ, ಇನ್ನೊಬ್ಬಳು ಇನ್ನೊಂದು ಅರ್ಧ. ಹನ್ನೆರಡು ಮನೆ ಅಂತರದಲ್ಲಿದ್ದುಕೊಂಡು ಮೂವತ್ತೈದು ವರ್ಷ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಗ ಮೊಮ್ಮಗಳು ಕಂಡಳು. “ಬಾ ಇಲ್ಲೆ. ಎಷ್ಟು ಹೊತ್ತಾಗ್ಯದ?”

“ಎಂಟೂವರಿ ಆಗಿರಬೇಕು ಅಜ್ಜಿ.”

“ಓದು ಹಂಗಾದ್ರ. ಗಟ್ಟಿಯಾಗಿ ಓದು, ಗುರುಬಸವ್ವನೂ ಕೇಳಲಿ.”

ಕುಮುದಿನಿ ನಿಂತಲ್ಲೇ ಓದಿದಳು. ಬ್ರಿಂಗ್ ಅಪ್, ಸಾಕಿ ಬೆಳಸು. ಗೆಟ್ ಓವರ್, ದುಃಖದಿಂದ ಹೊರಗ ಬಾ. ಗುರುಬಸವ್ವ ಅರ್ಥವಾದಂತೆ ತಲೆ ಆಡಿಸುತ್ತಿದ್ದಳು. ಪಾಸ್ ಅವೇ ಎಂಬಲ್ಲಿಗೆ ಬಂದಾಗ ಕುಮುದಿನಿ ತಡೆದು ನಿಂತಳು. ಕನ್ನಡದ ಮಾತು ಬಾಯಿಗೆ ಬಂದು ಅಲ್ಲೇ ಕೂತಿತ್ತು.

“ಅದರ ಅರ್ಥ ನಾ ಹೇಳ್ತೀನಿ,” ಅಂದಳು ಅಜ್ಜಿ. ಕಟ್ಟೆಯಿಂದ ಕೆಳಗಿಳಿದು, ಓಣಿಯ ನಡುವೆ ನಿಂತು, ಹಗಲು ಬೆಳಕಿನಲ್ಲಿ, ಹೋಗಿ ಬರುವವರಿಗೆಲ್ಲ ಕೇಳುವ ಹಾಗೆ ಹೇಳಿದಳು. “ಸತ್ತ. ನನ್ನ ಗೋಪಾಲ ಸತ್ತ. ಜ್ವರಾ ಬಂದು ಸತ್ತ.”

ಆಮೇಲೆ ಪಟ್ಟಿ ಇಸಿದುಕೊಂಡು, ಟಾಕು ದೌತಿಗೆ ಅದ್ದಿ, ಗುರುಬಸವ್ವನ ಕಟ್ಟೆಯ ಮೇಲೆ ಇಟ್ಟು ಸಹಿ ಹಾಕಿದಳು. ಅಕ್ಷರ ಸೊಟ್ಟಗಾಯಿತು. ಅದರ ಪಕ್ಕದಲ್ಲಿ ಗುರುಬಸವ್ವ, ಯಾರೂ ಕೇಳದಿದ್ದರೂ, ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಒತ್ತಿದಳು.